ಮೈದಾನದಡಿಯ ಮೂರು ಕೇರಿಗಳು

2024ರ ಸೆಪ್ಟೆಂಬರ್ 26ರಂದು ಅಮೆರಿಕದ ಓಕ್‌ಲ್ಯಾಂಡ್ ನಗರದ ಬೇಸ್‌ಬಾಲ್ ಮೈದಾನದಲ್ಲಿ 46 ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು. ಅವರು ಬಂದದ್ದು ಗೆಲುವನ್ನು ಕಾಣಲಿಕ್ಕಲ್ಲ, ವಿದಾಯ ಹೇಳಲಿಕ್ಕೆ. 1968ರಿಂದ ಆ ಊರಿನ ಹೆಸರನ್ನು ಹೊತ್ತು ಆಡಿದ 'ಅಥ್ಲೆಟಿಕ್ಸ್' ತಂಡ ಅಂದು ಅಲ್ಲಿ ಕೊನೆಯ ಪಂದ್ಯವಾಡಿತು. ಮೈದಾನ ಹಳತಾಗಿತ್ತು. 2013ರಲ್ಲಿ ಆಟಗಾರರ ಕೋಣೆಗೇ ಚರಂಡಿ ನೀರು ನುಗ್ಗಿತ್ತು. ಹೊಸ ಮೈದಾನ ಯಾರ ಹಣದಲ್ಲಿ, ಎಲ್ಲಿ ಆಗಬೇಕೆಂಬ ಹಗ್ಗಜಗ್ಗಾಟ ವರ್ಷಗಟ್ಟಲೆ ನಡೆಯಿತು. ಕೊನೆಗೆ ನೆವಾಡಾ ರಾಜ್ಯ 38 ಕೋಟಿ ಡಾಲರ್‌ವರೆಗಿನ ಸರಕಾರಿ ನೆರವು ಘೋಷಿಸಿತು. ತಂಡ ಲಾಸ್ ವೇಗಾಸ್‌ಗೆ ಹೊರಟು ನಿಂತಿತು.

ಬೇಸ್‌ಬಾಲ್ ನಮ್ಮಲ್ಲಿ ಅಷ್ಟಾಗಿ ಪರಿಚಿತವಲ್ಲದ ಆಟ. ಆದರೆ ಅಮೆರಿಕದ ಸಾಮಾಜಿಕ ಚರಿತ್ರೆಯನ್ನು ಓದುವವರು ಈ ಆಟದ ಮೈದಾನಗಳನ್ನು ಬಳಸಿಕೊಂಡು ದಾಟಿಹೋಗುವಂತಿಲ್ಲ. ಅಲ್ಲಿ ತಂಡಕ್ಕೆ ಊರಿನ ಹೆಸರಿರುತ್ತದೆ, ಅಭಿಮಾನವನ್ನೂ ಊರೇ ಕೊಡುತ್ತದೆ. ಒಡೆತನ ಮಾತ್ರ ಖಾಸಗಿಯವರದು. ಲೀಗಿನ ಉಳಿದ ಮಾಲೀಕರು ಒಪ್ಪಿದರೆ ತಂಡವನ್ನು ಮತ್ತೊಂದು ಊರಿಗೆ ಒಯ್ಯಬಹುದು. ಈ ವ್ಯವಸ್ಥೆಯ ಬೇರು ಎಲ್ಲಿದೆ, ಅದರ ಬೆಲೆಯನ್ನು ತೆತ್ತವರು ಯಾರು ಎಂಬುದನ್ನು ತಿಳಿಯಲು ನಾವು ಕೆಲವು ದಶಕ ಹಿಂದಕ್ಕೆ ಹೋಗಬೇಕು.

1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಒಂದು ತೀರ್ಪು ಕೊಟ್ಟಿತು. ಏಕಸ್ವಾಮ್ಯವನ್ನು ತಡೆಯುವ ಕಾನೂನು ಬೇಸ್‌ಬಾಲ್ ಲೀಗಿಗೆ ಅನ್ವಯಿಸದು ಎಂಬುದು ಅದರ ಸಾರ. 1953ರಲ್ಲಿ ಮತ್ತು 1972ರಲ್ಲಿ ಪ್ರಶ್ನೆ ಮತ್ತೆ ಎದ್ದಾಗಲೂ ನ್ಯಾಯಾಲಯ ಹಳೆಯ ತೀರ್ಪನ್ನೇ ಉಳಿಸಿಕೊಂಡಿತು. ಹೀಗಾಗಿ ತಂಡಗಳೆಷ್ಟು, ಅವು ಎಲ್ಲಿರಬೇಕು ಎಂಬುದು ಮಾಲೀಕರ ಕೈಯಲ್ಲೇ ಉಳಿಯಿತು. ತಂಡ ಬೇಕೆನ್ನುವ ಊರುಗಳು ಹೆಚ್ಚು, ಇರುವ ತಂಡಗಳು ಕಡಿಮೆ. ಆದ್ದರಿಂದ ಊರುಗಳೇ ಹರಾಜಿನಲ್ಲಿ ನಿಂತು ಕೂಗಬೇಕಾಯಿತು. ಮಿಲ್ವಾಕಿ ನಗರದ ಅನುಭವ ಇದಕ್ಕೆ ತಕ್ಕ ಉದಾಹರಣೆ. 1953ರಲ್ಲಿ ಅದು ಬಾಸ್ಟನ್ ನಗರದ 'ಬ್ರೇವ್ಸ್' ತಂಡವನ್ನು ಬರಮಾಡಿಕೊಂಡು ಸಂಭ್ರಮಿಸಿತು. ಅದೇ ತಂಡ 1966ರಲ್ಲಿ ಅಟ್ಲಾಂಟಾಕ್ಕೆ ಹೋದಾಗ ಮಿಲ್ವಾಕಿ ಕಣ್ಣೀರಿಟ್ಟಿತು. 1970ರಲ್ಲಿ ಸಿಯಾಟಲ್‌ನ ತಂಡವನ್ನು ತನ್ನತ್ತ ಎಳೆದುಕೊಂಡಿತು. ಒಂದೂರಿನ ಹಬ್ಬ ಇನ್ನೊಂದೂರಿನ ಸೂತಕವಾಯಿತು.

ಮಿಲ್ವಾಕಿಯ ಸಂಭ್ರಮವನ್ನು ಬೆರಗಿನಿಂದ ನೋಡುತ್ತಿದ್ದವರಲ್ಲಿ ನ್ಯೂಯಾರ್ಕ್‌ನ 'ಬ್ರೂಕ್ಲಿನ್ ಡಾಡ್ಜರ್ಸ್' ತಂಡದ ಮಾಲೀಕ ವಾಲ್ಟರ್ ಓಮ್ಯಾಲಿ ಒಬ್ಬರು. ಡಾಡ್ಜರ್ಸ್ ಸಾಮಾನ್ಯ ತಂಡವಾಗಿರಲಿಲ್ಲ. ಕಪ್ಪುಜನರನ್ನು ಹೊರಗಿಟ್ಟಿದ್ದ ಆಟದ ಬಾಗಿಲನ್ನು 1947ರಲ್ಲಿ ಜಾಕಿ ರಾಬಿನ್ಸನ್ ತೆರೆದದ್ದು ಈ ತಂಡದ ಮೂಲಕ. 1955ರಲ್ಲಿ ಅದು ದೇಶದ ಅತ್ಯುನ್ನತ ಪ್ರಶಸ್ತಿಯನ್ನೂ ಗೆದ್ದಿತ್ತು. ಆದರೆ 1913ರಲ್ಲಿ ಕಟ್ಟಿದ ಅದರ 'ಎಬೆಟ್ಸ್ ಫೀಲ್ಡ್' ಮೈದಾನ ಇಕ್ಕಟ್ಟಾಗಿತ್ತು. ಸುಮಾರು 32 ಸಾವಿರ ಜನ ಕೂರಬಹುದಾಗಿದ್ದ ಅಲ್ಲಿ ಕಾರುಗಳಿಗೆ ಸಿಗುತ್ತಿದ್ದದ್ದು ಏಳುನೂರರಷ್ಟು ಜಾಗ. ಟ್ರಾಮಿನಲ್ಲಿ ಬರುತ್ತಿದ್ದ ಬಿಳಿಯ ಮಧ್ಯಮವರ್ಗ ಕಾರು ಕೊಂಡು ಹೊರವಲಯಗಳಿಗೆ ವಲಸೆ ಹೋಗುತ್ತಿದ್ದ ಕಾಲವದು.

ಓಮ್ಯಾಲಿ ತಮ್ಮ ಹಣದಲ್ಲೇ ಬ್ರೂಕ್ಲಿನ್‌ನಲ್ಲಿ ಹೊಸ ಮೈದಾನ ಕಟ್ಟಲು ಸಿದ್ಧರಿದ್ದರು. ರೈಲು ನಿಲ್ದಾಣದ ಪಕ್ಕದ ಜಾಗವನ್ನು ಗುರುತಿಸಿದ್ದರು. ಆದರೆ ಚೂರುಚೂರಾಗಿ ಹಲವರ ಒಡೆತನದಲ್ಲಿದ್ದ ಆ ಭೂಮಿಯನ್ನು ಸರಕಾರವೇ ವಶಪಡಿಸಿಕೊಂಡು ತಮಗೆ ಕೊಡಬೇಕೆಂದು ಕೇಳಿದರು. 1949ರ ವಸತಿ ಕಾಯ್ದೆ ಅಂಥ ಅಧಿಕಾರವನ್ನು ಕೊಟ್ಟಿತ್ತು. ನಗರದ ನಿರ್ಮಾಣ ಯೋಜನೆಗಳ ಮೇಲೆ ಅಪಾರ ಹಿಡಿತವಿದ್ದ ರಾಬರ್ಟ್ ಮೋಸಸ್ ಇದಕ್ಕೆ ಒಪ್ಪಲಿಲ್ಲ. ಖಾಸಗಿಯವರ ಆಟದ ಮೈದಾನ ಸಾರ್ವಜನಿಕ ಉದ್ದೇಶವಾಗದು ಎಂಬುದು ಅವರ ವಾದ. ಬೇಕಿದ್ದರೆ ಕ್ವೀನ್ಸ್ ಪ್ರದೇಶಕ್ಕೆ ಹೋಗಿ ಎಂದರು. ಕ್ವೀನ್ಸ್‌ಗೆ ಹೋದರೆ ಅದು ಬ್ರೂಕ್ಲಿನ್ ತಂಡವಾಗಿ ಉಳಿಯದು ಎಂದರು ಓಮ್ಯಾಲಿ. ಮಾತು ಮುರಿಯಿತು. 1957ರ ಅಕ್ಟೋಬರ್ 8ರಂದು ತಂಡ ಲಾಸ್ ಏಂಜಲಿಸ್‌ಗೆ ಹೋಗುವುದೆಂದು ಪ್ರಕಟಣೆ ಹೊರಬಿತ್ತು. ಎಬೆಟ್ಸ್ ಫೀಲ್ಡ್‌ನ ಕೊನೆಯ ಪಂದ್ಯಕ್ಕೆ ಬಂದಿದ್ದವರು ಏಳು ಸಾವಿರಕ್ಕೂ ಕಡಿಮೆ. 1960ರಲ್ಲಿ ಆ ಮೈದಾನವನ್ನು ಕೆಡವಿ ವಸತಿ ಕಟ್ಟಡಗಳನ್ನು ಎಬ್ಬಿಸಲಾಯಿತು.

ಬ್ರೂಕ್ಲಿನ್‌ನ ದುಃಖ ಪುಸ್ತಕಗಳಲ್ಲಿ, ಸಿನಿಮಾಗಳಲ್ಲಿ ಬೇಕಾದಷ್ಟು ದಾಖಲಾಗಿದೆ. ಆದರೆ ತಂಡ ಹೋಗಿ ನೆಲೆಸಿದ ಜಾಗದಲ್ಲೂ ಒಂದು ದುಃಖವಿತ್ತು. ಅದನ್ನು ಕೇಳಿದವರು ಕಡಿಮೆ.

ಲಾಸ್ ಏಂಜಲಿಸ್ ನಗರದ ನಡುಭಾಗಕ್ಕೆ ಹತ್ತಿರದಲ್ಲೇ ಚಾವೆಜ್ ರವೀನ್ ಎಂಬ ಕಣಿವೆಯಿದೆ. ಅಲ್ಲಿ ಪಾಲೋ ವರ್ಡೆ, ಲಾ ಲೋಮಾ, ಬಿಷಪ್ ಎಂಬ ಮೂರು ಕೇರಿಗಳಿದ್ದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಮೆಕ್ಸಿಕೋ ಮೂಲದವರು. ನಗರದ ಇತರ ಬಡಾವಣೆಗಳಲ್ಲಿ ಅವರಿಗೆ ಮನೆ ಮಾರಬಾರದೆಂದು ಕ್ರಯಪತ್ರಗಳಲ್ಲೇ ಷರತ್ತು ಬರೆಯುತ್ತಿದ್ದ ಕಾಲದಲ್ಲಿ ಇಲ್ಲಿ ಅವರು ಸ್ವಂತ ಮನೆ ಕಟ್ಟಿ, ತರಕಾರಿ ಬೆಳೆದು, ಕೋಳಿ ಮೇಕೆ ಸಾಕಿ, ಶಾಲೆ ಚರ್ಚುಗಳೊಂದಿಗೆ ಬದುಕಿದ್ದರು. ಹೊರಗಿನ ಅಧಿಕಾರಿಗಳ ಕಣ್ಣಿಗೆ ಅದು ಕೊಳೆಗೇರಿ. 1950ರ ಜುಲೈಯಲ್ಲಿ ಮನೆಮನೆಗೆ ಪತ್ರ ಬಂತು: ಇಲ್ಲಿ ಸರಕಾರಿ ವಸತಿ ಸಮುಚ್ಚಯ ಬರಲಿದೆ, ಜಾಗ ಬಿಡಬೇಕು, ಹೊಸ ಮನೆಗಳಲ್ಲಿ ಮೊದಲ ಆದ್ಯತೆ ನಿಮಗೇ. ಖ್ಯಾತ ವಾಸ್ತುಶಿಲ್ಪಿ ರಿಚರ್ಡ್ ನ್ಯೂಟ್ರಾ ಅದರ ನಕ್ಷೆ ಬರೆದವರಲ್ಲಿ ಒಬ್ಬರು. ಮೂರು ಸಾವಿರಕ್ಕೂ ಹೆಚ್ಚು ಮನೆಗಳ ಯೋಜನೆಯದು.

ಜನ ಹೋದರು. ಮನೆಗಳು ಬರಲಿಲ್ಲ. ಸರಕಾರ ಬಡವರಿಗೆ ಮನೆ ಕಟ್ಟಿಕೊಡುವುದೇ ಕಮ್ಯುನಿಸಂ ಎಂಬ ಕೂಗು ಆಗ ಜೋರಾಗಿತ್ತು. ಯೋಜನೆಗಾಗಿ ಹೋರಾಡಿದ ಅಧಿಕಾರಿ ಫ್ರ್ಯಾಂಕ್ ವಿಲ್ಕಿನ್ಸನ್ ತಮ್ಮ ರಾಜಕೀಯ ಸಂಬಂಧಗಳ ಬಗೆಗಿನ ಪ್ರಶ್ನೆಗೆ ಉತ್ತರಿಸಲು ನಿರಾಕರಿಸಿ ಕೆಲಸ ಕಳೆದುಕೊಂಡರು. 1953ರಲ್ಲಿ ಯೋಜನೆಯ ವಿರೋಧಿ ನಾರಿಸ್ ಪೌಲ್ಸನ್ ಮೇಯರ್ ಆದರು. ಯೋಜನೆ ರದ್ದಾಯಿತು. ಸಾರ್ವಜನಿಕ ಉದ್ದೇಶಕ್ಕೇ ಬಳಸಬೇಕೆಂಬ ಷರತ್ತಿನೊಂದಿಗೆ ಭೂಮಿ ನಗರಾಡಳಿತದ ಕೈಗೆ ಬಂತು. ಕಳೆದುಕೊಂಡವರನ್ನು ಕರೆದು ನಿಮ್ಮ ನೆಲ ತೆಗೆದುಕೊಳ್ಳಿ ಎಂದು ಯಾರೂ ಹೇಳಲಿಲ್ಲ.

ಇಲ್ಲಿ ನಾವು ನ್ಯಾಯವಾಗಿ ಒಂದು ಮಾತನ್ನು ಹೇಳಬೇಕು. ಚಾವೆಜ್ ರವೀನ್‌ನ ಹೆಚ್ಚಿನ ಕುಟುಂಬಗಳನ್ನು ಹೊರಹಾಕಿದ್ದು ಬೇಸ್‌ಬಾಲ್ ಅಲ್ಲ. ಡಾಡ್ಜರ್ಸ್ ಬರುವ ಹೊತ್ತಿಗೆ ಅಲ್ಲಿ ಉಳಿದವರು ಕೆಲವೇ ಮಂದಿ. ಆದರೆ ಬಡವರ ಮನೆಗೆಂದು ಪಡೆದ ನೆಲ ಯಾರ ಪಾಲಾಯಿತು ಎಂಬ ಪ್ರಶ್ನೆ ಇದರಿಂದ ಅಳಿಸಿಹೋಗುವುದಿಲ್ಲ. ಒಪ್ಪಂದದ ಪ್ರಕಾರ ಓಮ್ಯಾಲಿ ಆ ನಗರದಲ್ಲಿ ತಮಗಿದ್ದ ಸುಮಾರು 9 ಎಕರೆಯ ಹಳೆಯ ಮೈದಾನವನ್ನು ಕೊಟ್ಟರು. ನಗರ ಅವರಿಗೆ ಸುಮಾರು 300 ಎಕರೆ ಕೊಡಬೇಕಾಯಿತು. 1958ರ ಜೂನ್ 3ರಂದು ನಡೆದ ಜನಮತಗಣನೆಯಲ್ಲಿ ಒಪ್ಪಂದ ಅಲ್ಪ ಅಂತರದಿಂದ ಗೆದ್ದಿತು. 1959ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನ್ಯೂಯಾರ್ಕ್‌ನಲ್ಲಿ ಸಾರ್ವಜನಿಕ ಉದ್ದೇಶ ಆಗದಿದ್ದ ಖಾಸಗಿ ಮೈದಾನ ಲಾಸ್ ಏಂಜಲಿಸ್‌ನಲ್ಲಿ ಸಾರ್ವಜನಿಕ ಉದ್ದೇಶವಾಯಿತು.

1959ರ ಮೇ 8ರಂದು ಪೊಲೀಸರು ಬಂದರು. ಕೊನೆಯವರೆಗೂ ಪಟ್ಟುಹಿಡಿದಿದ್ದ ಒಂದು ಕುಟುಂಬದ ಮಗಳನ್ನು ನಾಲ್ವರು ಕೈಕಾಲು ಹಿಡಿದು ಮೆಟ್ಟಿಲಿಳಿಸಿ ಹೊತ್ತೊಯ್ದ ಚಿತ್ರ ಪತ್ರಿಕೆಗಳಲ್ಲಿ ಅಚ್ಚಾಯಿತು. ಆಕೆ ಯುದ್ಧದಲ್ಲಿ ಮಡಿದ ಅಮೆರಿಕನ್ ಸೈನಿಕನ ವಿಧವೆ. ಬುಲ್‌ಡೋಜರ್ ಮನೆಯನ್ನು ನೆಲಸಮ ಮಾಡಿತು. ಕುಟುಂಬ ಅದೇ ಜಾಗದಲ್ಲಿ ಡೇರೆ ಹಾಕಿ ಕೂತಿತು. ಆ ಕುಟುಂಬಕ್ಕೆ ಬೇರೆ ಮನೆಗಳಿವೆಯೆಂದು ಪತ್ರಿಕೆಗಳು ಬರೆದದ್ದೇ ತಡ, ಜನರ ಅನುಕಂಪ ಬತ್ತಿತು. ತನ್ನ ಮನೆ ತನಗೆ ಬೇಕೆನ್ನಲು ಮನುಷ್ಯ ನಿರ್ಗತಿಕನೇ ಆಗಿರಬೇಕೇ ಎಂದು ಕೇಳಿದವರು ವಿರಳ. 1962ರ ಏಪ್ರಿಲ್ 10ರಂದು 56 ಸಾವಿರ ಆಸನಗಳ ಡಾಡ್ಜರ್ ಸ್ಟೇಡಿಯಂ ತೆರೆಯಿತು. ಕಟ್ಟಡದ ಖರ್ಚು ಓಮ್ಯಾಲಿಯದೇ, ನಿಜ. ನೆಲದ ಖರ್ಚನ್ನು ತೆತ್ತವರು ಬೇರೆ.

ಇದು ಒಂದೇ ಊರಿನ ಕತೆಯಲ್ಲ. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಗ್ಯಾಸ್ ಪ್ಲಾಂಟ್ ಎಂಬ ಕಪ್ಪುಜನರ ಬಡಾವಣೆಯನ್ನು ಉದ್ಯೋಗ, ವಸತಿಯ ಭರವಸೆ ಕೊಟ್ಟು 1980ರ ದಶಕದಲ್ಲಿ ತೆರವು ಮಾಡಲಾಯಿತು. ಬಂದದ್ದು ಕ್ರೀಡಾಂಗಣ. 1990ರಲ್ಲಿ ತೆರೆದ ಅದು ಬೇಸ್‌ಬಾಲ್ ಲೀಗಿನ ತಂಡವಿಲ್ಲದೆ 1998ರವರೆಗೆ ಕಾದಿತು. 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಅದರ ಛಾವಣಿಯನ್ನು ಹರಿದುಹಾಕಿತು. ಹಳೆಯ ನಿವಾಸಿಗಳಿಗೆ ಕೊಟ್ಟ ಮಾತನ್ನು ಈಗಲಾದರೂ ತೀರಿಸುತ್ತೇವೆಂದು ರೂಪಿಸಿದ್ದ ಹೊಸ ಮೈದಾನದ ಒಪ್ಪಂದದಿಂದ 2025ರ ಮಾರ್ಚ್‌ನಲ್ಲಿ ತಂಡ ಹಿಂದೆ ಸರಿಯಿತು.

ಈ ಚರಿತ್ರೆಯನ್ನು ಓದುವಾಗ ನಮಗೆ ಮದೀನಾದ ಒಂದು ಘಟನೆ ನೆನಪಾಗುತ್ತದೆ. ಪ್ರವಾದಿ ಮುಹಮ್ಮದ್(ಸ)ರು ಮದೀನಾಕ್ಕೆ ಬಂದು ಮಸೀದಿ ಕಟ್ಟಲು ಆರಿಸಿದ ಜಾಗ ಸಹ್ಲ್ ಮತ್ತು ಸುಹೈಲ್ ಎಂಬ ಇಬ್ಬರು ಅನಾಥ ಬಾಲಕರದಾಗಿತ್ತು. ಬಾಲಕರು ಉಚಿತವಾಗಿ ಕೊಡಲು ಮುಂದಾದರೂ ಪ್ರವಾದಿಯವರು ಒಪ್ಪಲಿಲ್ಲ. ಬೆಲೆ ಕೊಟ್ಟೇ ಪಡೆದರು. ಉದ್ದೇಶ ದೇವಾಲಯದಷ್ಟು ಪವಿತ್ರವಾಗಿದ್ದರೂ ಅನಾಥನ ನೆಲದ ಹಕ್ಕು ಅದರಿಂದ ಕರಗಲಿಲ್ಲ. 'ಸಾರ್ವಜನಿಕ ಉದ್ದೇಶ'ದ ಹೆಸರಿನಲ್ಲಿ ಅಣೆಕಟ್ಟಿಗೆ, ಹೆದ್ದಾರಿಗೆ, ಕೈಗಾರಿಕೆಗೆ ಊರುಗಳನ್ನೇ ಬಿಟ್ಟುಕೊಟ್ಟ ನಮ್ಮ ನಾಡಿನವರಿಗೂ ಈ ಮಾತಿನ ತೂಕ ಗೊತ್ತು.

ಚಾವೆಜ್ ರವೀನ್‌ನ ಕುಟುಂಬಗಳಿಗಾದ ಅನ್ಯಾಯವನ್ನು ಪರಿಶೀಲಿಸಿ ಪರಿಹಾರ ಸೂಚಿಸಬೇಕೆಂಬ ಮಸೂದೆ 2024ರಲ್ಲಿ ಕ್ಯಾಲಿಫೋರ್ನಿಯಾದ ಶಾಸನಸಭೆಯಲ್ಲಿ ಅಂಗೀಕಾರವಾಯಿತು. ಗವರ್ನರ್ ಗ್ಯಾವಿನ್ ನ್ಯೂಸಮ್ ಅದಕ್ಕೆ ಸಹಿ ಹಾಕಲಿಲ್ಲ. ಆ ಕೇರಿಗಳಲ್ಲಿ ಹುಟ್ಟಿದವರಲ್ಲಿ ಬದುಕಿರುವವರು ಈಗ ವೃದ್ಧರು. ಅವರು ವರ್ಷಕ್ಕೊಮ್ಮೆ ಮೈದಾನದ ಪಕ್ಕದ ಉದ್ಯಾನದಲ್ಲಿ ಮಕ್ಕಳು ಮೊಮ್ಮಕ್ಕಳೊಂದಿಗೆ ಸೇರುವ ಪರಿಪಾಠವನ್ನು ಬಹುಕಾಲ ಉಳಿಸಿಕೊಂಡು ಬಂದರು. 1950ರ ಆ ಪತ್ರದಲ್ಲಿದ್ದ ಮಾತು ಇನ್ನೂ ಹಾಗೆಯೇ ಬಾಕಿ ಇದೆ.