ತಿಪ್ಪಿಯಿಂದ ಟಿಪ್ಪರ್‌ವರೆಗೆ: ಬುಟ್ಟಿ ಯಾರ ತಲಿ ಮ್ಯಾಲಿತ್ತು?

ದಿನಾ ಮುಂಜಾನೆ ನಮ್ಮ ಓಣಿಗೆ ಕಸದ ಟಿಪ್ಪರ್ ಬರ್ತದ. ಮೊನ್ನೆ ಅದರ ಹಿಂದ ನಿಂತಿದ್ದ ಅಕ್ಕ, ಒಂದು ಮನಿಯ ಬಕೆಟ್‌ನಾಗ ಕೈ ಹಾಕಿ ಪಲ್ಯದ ಸಿಪ್ಪಿ ನಡುವಿನ ಡೈಪರ್ ಹೆಕ್ಕಿ ತೆಗೀತಿದ್ದಳು. ಬಕೆಟ್ ಕೊಟ್ಟವರು ಮೂಗು ಮುಚ್ಚಿಕೊಂಡು ಒಳಗ ಹೋದ್ರು. ಅದೇ ವಾರ ಓಣಿಯ ವಾಟ್ಸಾಪ್ ಗುಂಪಿನಾಗ 'ಝೀರೋ ವೇಸ್ಟ್' ಬಗ್ಗೆ ಅಮೆರಿಕದ ವಿಡಿಯೋ ಓಡಾಡ್ತಿತ್ತು. ಎಲ್ಲರೂ ಹೆಬ್ಬೆರಳು ಒತ್ತಿದ್ದೇ ಒತ್ತಿದ್ದು.

ಸ್ನೇಹಿತರೇ, ಈ ಕಸಕ್ಕ ಒಂದು ಇತಿಹಾಸ ಐತಿ. ಅದನ್ನ ಸ್ವಲ್ಪ ಹೇಳಬೇಕು.

ಹಿಂದ ಹಳ್ಳಿಯೊಳಗ ಕಸ ಅನ್ನೋದೇ ಇರಲಿಲ್ಲ ಅಂತಾರ. ಅರ್ಧ ಖರೆ. ಸಗಣಿ, ಬೂದಿ, ಕಸಕಡ್ಡಿ ತಿಪ್ಪಿಗೆ ಹೋಗ್ತಿತ್ತು, ತಿಪ್ಪಿ ಹೊಲಕ್ಕ ಹೋಗ್ತಿತ್ತು. ಹರಿದ ಸೀರಿ ಕೌದಿ ಆಗ್ತಿತ್ತು. ಉಳಿದರ್ಧ ಯಾರೂ ಹೇಳೋದಿಲ್ಲ. ಎತ್ತು ಸತ್ತರ ಕೇರಿಗೆ ಕರೆ ಬರ್ತಿತ್ತು. ನಮ್ಮವರು ಎಳೆದು ಒಯ್ದು, ತೊಗಲು ಸುಲಿದು, ಹದ ಮಾಡಿ ಕೆರವು, ಬಾರಕೋಲು, ಬಾವಿಯಿಂದ ನೀರೆತ್ತೋ ಚೀಲ ಮಾಡಿಕೊಡ್ತಿದ್ರು. ಸುಗ್ಗಿಯಾಗ ಒಂದಿಷ್ಟು ಕಾಳು ಆಯ ಅಂತ ಸಿಗ್ತಿತ್ತು. ಅವರು ಹೊಲಿದ ಚೀಲ ಊರ ಬಾವಿಗೆ ಇಳೀತಿತ್ತು, ಅವರ ಕೊಡ ಮಾತ್ರ ಇಳಿಯೋ ಹಾಗಿರಲಿಲ್ಲ.

1850ರ ದಶಕದಲ್ಲಿ ಹುಬ್ಬಳ್ಳಿ, ಧಾರವಾಡ ಎರಡಕ್ಕೂ ಪುರಸಭೆ ಬಂದವು. 1880ರ ದಶಕದಲ್ಲಿ ರೈಲು ಬಂತು, ಹುಬ್ಬಳ್ಳಿಗೆ ಅದರ ವರ್ಕ್‌ಶಾಪ್ ಬಂತು, ಹತ್ತಿ ವ್ಯಾಪಾರ ಏರಿತು. ಊರು ದಟ್ಟ ಆದಂಗ ತಿಪ್ಪಿಗೆ ಜಾಗ ಇಲ್ಲದಾಯ್ತು, ಮಲ ಹೊರುವ ಪಾಯಖಾನೆ ಬಂತು. ಆಡಳಿತ ಹೊಸದು, ಆದ್ರ ಕಸಬರಿಗಿ ಮತ್ತು ಬಕೆಟ್ ಹಂಚಿದ್ದು ಹಳೇ ಜಾತಿ ಲೆಕ್ಕದಾಗ. ನಾವಿದ್ದ ಅದೇ ಮುಂಬಯಿ ಪ್ರಾಂತ್ಯದ ರಾಜಧಾನಿಯಲ್ಲಿ 'ಹಲಾಲಖೋರ ತೆರಿಗೆ' ಅಂತಲೇ ಒಂದು ತೆರಿಗೆ ಇತ್ತು. ಮಲ ಎತ್ತುವ ಸಮುದಾಯದ ಹೆಸರೇ ತೆರಿಗೆಯ ಹೆಸರು! ಇಂಗ್ಲಿಷರು ಜಾತಿ ಒಡೆದರು ಅನ್ನೋರು ಇದನ್ನ ಒಮ್ಮೆ ನೋಡಬೇಕು.

ಈಗ ಮರುಬಳಕೆಯ ವಿಷಯಕ್ಕ ಬರ್ತೀನಿ. ಕಂಪೋಸ್ಟ್ ಬಗ್ಗೆ ಓದಿದವರಿಗೆ 'ಬೆಂಗಳೂರು ವಿಧಾನ' ಗೊತ್ತಿರ್ತದ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿ.ಎನ್. ಆಚಾರ್ಯ ರೂಪಿಸಿದ್ದು. ಸುಮಾರು 90 ಸೆಂಟಿಮೀಟರ್ ಆಳದ ಗುಂಡಿ. ಅದರೊಳಗ 15 ಸೆಂಟಿಮೀಟರ್ ಊರ ಕಸ, ಅದರ ಮ್ಯಾಲೆ 5 ಸೆಂಟಿಮೀಟರ್ ಮಲ, ಮತ್ತ ಕಸ, ಮತ್ತ ಮಲ. ಕಡೀಗೆ ಮಣ್ಣು ಮುಚ್ಚಿ ಬಿಟ್ಟರ ನಾಲ್ಕಾರು ತಿಂಗಳಿಗೆ ಗೊಬ್ಬರ. ವಿಜ್ಞಾನ ದೊಡ್ಡದೇ, ನಾನು ಅಲ್ಲಗಳೆಯೋದಿಲ್ಲ. ಇವತ್ತಿಗೂ ವೈದ್ಯ ವಿದ್ಯಾರ್ಥಿಗಳು ಈ ಅಳತೆ ಬಾಯಿಪಾಠ ಮಾಡ್ತಾರ. ಆದ್ರ ಆ 5 ಸೆಂಟಿಮೀಟರ್ ಗುಂಡಿಯ ತನಕ ತಾನಾಗಿ ನಡೆದು ಬಂತೇನ್ರಿ? ಯಾರೋ ಹೊತ್ತು ತಂದರು, ಯಾರೋ ಸುರುವಿ ಹರಡಿದರು. ಅವರ ಹೆಸರಿಗೆ ಆ ಪಾಠದೊಳಗ ಒಂದು ಸಾಲೂ ಇಲ್ಲ.

ಈ ಕೆಲಸಕ್ಕ ಗಾಂಧೀಜಿ 'ಸೇವೆ' ಅಂತ ಗೌರವ ಕೊಡಾಕ ಹೋದ್ರು. ಬಾಬಾಸಾಹೇಬರು 1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿ ಬಗ್ಗೆ ಬರೆದ ಪುಸ್ತಕದಾಗ ಅದನ್ನ ನೇರವಾಗಿ ತಿರಸ್ಕರಿಸಿದರು. ಒಂದೇ ಜಾತಿಗೆ ಕಟ್ಟಿಹಾಕಿದ ಹೇಸಿಗಿ ಕೆಲಸವನ್ನ ಹೊಗಳೋದು ಅವರಿಗೆ ಕ್ರೂರ ಅಣಕ ಅನಿಸಿತ್ತು.

ಬಕೆಟ್ ಕೆಳಗಿಳಿಸಿದ್ದು ನಮ್ಮ ಬಿ. ಬಸವಲಿಂಗಪ್ಪನವರು. 1970ರ ದಶಕದ ಮೊದಲಿಗೆ ದೇವರಾಜ ಅರಸು ಸರ್ಕಾರದಲ್ಲಿ ಪೌರಾಡಳಿತ ಮಂತ್ರಿಯಾಗಿ, ತಲೆ ಮೇಲೆ ಮಲ ಹೊರೋದನ್ನ ನಿಷೇಧಿಸಿದರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಇಪ್ಪತ್ತು ವರ್ಷ ಆದ ಮ್ಯಾಲೆ. ಆದ್ರ ನಾಡು ಅವರನ್ನ ನೆನೆಯೋದು 1973ರ 'ಬೂಸಾ' ಮಾತಿಗೆ. ಅದಕ್ಕೇ ಅವರ ಮಂತ್ರಿಗಿರಿ ಹೋಯ್ತು. ಬೂಸಾ ನೆನಪೈತಿ, ಬಕೆಟ್ ಮರೆತುಹೋಗೇದ.

ಆದೇಶ ಆದ ಕೂಡಲೇ ಎಲ್ಲಾ ಮುಗೀಲಿಲ್ಲ. ಸವಣೂರು ಇಲ್ಲೇ ಪಕ್ಕದ್ದು, 1997ರ ತನಕ ನಮ್ಮ ಧಾರವಾಡ ಜಿಲ್ಲೆಯದ್ದೇ. 2010ರ ಜುಲೈ 20ರಂದು ಅಲ್ಲಿನ ಭಂಗಿ ಸಮುದಾಯದವರು ಪುರಸಭೆ ಮುಂದ ಮಲವನ್ನ ತಮ್ಮ ಮೈಮ್ಯಾಲೆ ಸುರುವಿಕೊಂಡರು. ವಾಣಿಜ್ಯ ಮಳಿಗೆ ಕಟ್ಟಲಿಕ್ಕೆ ಅಂತ ಅವರು ತಲೆಮಾರಿನಿಂದ ಬದುಕಿದ ಜಾಗ ಖಾಲಿ ಮಾಡಿಸಾಕ ಹೊರಟಿದ್ದರು. ಊರ ಹೊಲಸನ್ನ ಹೊತ್ತವರಿಗೆ ಊರೊಳಗ ಜಾಗ ಇಲ್ಲ ಅಂದರ, ಆ ಹೊಲಸನ್ನೇ ಮೈಗೆ ಬಳಿದು ತೋರಿಸಿದರು. ಆ ಫೋಟೋ ನೋಡಿದ ರಾತ್ರಿ ನನಗ ಊಟ ಸೇರಲಿಲ್ಲ.

ಆಮ್ಯಾಲೆ 2016ರಲ್ಲಿ ಘನತ್ಯಾಜ್ಯ ನಿಯಮಗಳು ಬಂದವು. ಮನಿಯಾಗೇ ಮೂರು ಭಾಗ ಮಾಡ್ರಿ ಅಂದವು: ಹಸಿ, ಒಣ, ಅಪಾಯಕಾರಿ. ಪ್ಯಾಡ್, ಡೈಪರ್ ಸುತ್ತಿ ಕೊಡ್ರಿ. ಚಿಂದಿ ಆಯುವವರನ್ನ ವ್ಯವಸ್ಥೆಯೊಳಗ ಸೇರಿಸಿಕೊಳ್ರಿ ಅಂದವು. ಇದನ್ನ ಎಲ್ಲರೂ ಪರಿಸರದ ನಿಯಮ ಅಂತ ಓದ್ತಾರ. ನಾನು ಅಸ್ಪೃಶ್ಯತೆಯ ನಿಯಮ ಅಂತ ಓದ್ತೀನಿ. ಮನಿಯಾಗ ಬೇರ್ಪಡದ ಕಸ ಎಲ್ಲೋ ಒಂದು ಕಡೆ ಬೇರ್ಪಡಲೇಬೇಕು: ಟಿಪ್ಪರ್ ಹಿಂದಾದರೂ, ಕಾರವಾರ ರಸ್ತೆಯ ಗುಡ್ಡದಾಗಾದರೂ, ಹೊಸಯಲ್ಲಾಪುರದ ಗುಡ್ಡದಾಗಾದರೂ. ಅಲ್ಲಿ ಬೇರ್ಪಡಿಸೋ ಕೈ ಯಾವ ಕೇರಿಯದು ಅಂತ ಹೇಳಬೇಕಾಗಿಲ್ಲ. ಪ್ಲಾಸ್ಟಿಕ್, ಕಬ್ಬಿಣ, ರಟ್ಟು ಆಯ್ದು ಮೋಡಕಾ ಅಂಗಡಿಗೆ ಒಯ್ಯುವ ನಮ್ಮ ಹೆಣ್ಣುಮಕ್ಕಳೇ ಈ ಊರಿನ ಮರುಬಳಕೆ ಇಲಾಖೆ. ಅವರಿಗೆ ಪಗಾರ ಇಲ್ಲ, ಗ್ಲೌಸ್ ಇಲ್ಲ. ನಾಯಿ ಬೆನ್ನಟ್ಟತಾವ, ಪೊಲೀಸರು ಅನುಮಾನ ಪಡ್ತಾರ. ಬೆಂಗಳೂರಿನಾಗ 2011ರಿಂದಲೇ ಪಾಲಿಕೆ ಚಿಂದಿ ಆಯುವವರಿಗೆ ಗುರುತಿನ ಚೀಟಿ ಕೊಟ್ಟದ. ಪ್ರತಿ ವಾರ್ಡಿನಾಗ ಇವರನ್ನ ಹೆಸರು ಹಿಡಿದು ಕರೆದು ಚೀಟಿ ಕೊಡಿಸೋದು ಇಲ್ಲಿ ನಮ್ಮ ಸಂಘಟನೆಗಳ ಕೆಲಸ ಆಗಬೇಕು. ಬರೀ ಜಯಂತಿ ಮಾಡಿದರ ಆಗೋದಿಲ್ಲ, ಇದನ್ನ ನನಗೂ ಸೇರಿಸೇ ಹೇಳ್ತಿದ್ದೀನಿ.

ಆ ಅಕ್ಕನಿಗೆ 'ನಿಮ್ಮ ಬಗ್ಗೆ ಬರೀತೀನಿ' ಅಂದೆ. ಆಕಿ ನಕ್ಕಳು. 'ನನ್ನ ಬಗ್ಗೆ ಏನ್ ಬರೀತೀಯೋ ಅಣ್ಣಾ, ಒಡೆದ ಬಲ್ಬು, ಗಾಜು ಪೇಪರಿನಾಗ ಸುತ್ತಿ ಬ್ಯಾರೆ ಕೊಡ್ರಿ ಅಂತ ಬರಿ. ಮೂರು ಹೊಲಿಗಿ ಬಿದ್ದಾವ' ಅಂತ ಅಂಗೈ ತೋರಿಸಿದಳು.

ಬರೆದೇನಿ ಅಕ್ಕ.

ಜೈ ಭೀಮ್.