ಸವಣೂರಿನಿಂದ ಲಂಡನ್ನಿಗೆ ಕಡಲ ದಾರಿ

ಸವಣೂರಿನವರಿಗೆ ಪರಸ್ಥಳದ ದಾರಿ ಶುರುವಾಗುತ್ತಿದ್ದದ್ದು ಯಲವಿಗಿಯಲ್ಲಿ. ಊರೊಳಗೆ ಆಗಲೂ ರೈಲಿಲ್ಲ, ಈಗಲೂ ಇಲ್ಲ. ಟ್ರಂಕು, ಹಾಸಿಗೆ ಸುರುಳಿ ಚಕ್ಕಡಿಗೆ ಹೇರಿಕೊಂಡು, ಎಲೆಬಳ್ಳಿ ತೋಟ ದಾಟಿ ಯಲವಿಗಿ ಸ್ಟೇಷನ್ ಮುಟ್ಟಬೇಕು. ಅಲ್ಲಿಂದ ಮೀಟರ್‌ಗೇಜ್ ಗಾಡಿ: ಹುಬ್ಬಳ್ಳಿ, ಧಾರವಾಡ, ಲೋಂಡಾ, ಬೆಳಗಾವಿ, ಮಿರಜ, ಪುಣೆ. ಪುಣೆಯಲ್ಲಿ ಹಳಿಯ ಅಗಲವೇ ಬೇರೆ. ಸಾಮಾನು ಇಳಿಸಿ ಬ್ರಾಡ್‌ಗೇಜ್ ಗಾಡಿಗೆ ಏರಿಸಿ, ಘಟ್ಟ ಇಳಿದರೆ ಮುಂಬಯಿ. ನಮ್ಮಜ್ಜನಿಗೆ ಈ ಸ್ಟೇಷನ್ನುಗಳೆಲ್ಲ ಬಾಯಿಪಾಠ. ಮುಂಬಯಿಯಿಂದಾಚೆಯ ದಾರಿ ಕಂಡವರು ಮಾತ್ರ ನಮ್ಮೂರಲ್ಲಿ ಬೆರಳೆಣಿಕೆ.

ಅವರಲ್ಲೊಬ್ಬರು ಕವಿ ವಿನಾಯಕ ಕೃಷ್ಣ ಗೋಕಾಕ. 1909ರ ಆಗಸ್ಟ್ 9ರಂದು, ಊರು ಇನ್ನೂ ನವಾಬರ ಸಂಸ್ಥಾನವಾಗಿದ್ದಾಗ ಇಲ್ಲಿ ಹುಟ್ಟಿದವರು. ಧಾರವಾಡದಲ್ಲಿ ಓದಿ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಪಾಠ ಹೇಳಿ, 1936ರಲ್ಲಿ ಇಂಗ್ಲಿಷ್ ಸಾಹಿತ್ಯ ಓದಲು ಆಕ್ಸ್‌ಫರ್ಡಿಗೆ ಹೊರಟರು.

ಆ ಕಾಲದಲ್ಲಿ ಮುಂಬಯಿಯಿಂದ ಲಂಡನ್ನಿಗೆ ಹಡಗಿನ ಹಾದಿ ಆರು ಸಾವಿರ ನಾಟಿಕಲ್ ಮೈಲಿ ಮೀರುತ್ತಿತ್ತು, ಅಂದರೆ ಹನ್ನೊಂದು ಸಾವಿರ ಕಿಲೋಮೀಟರಿಗೂ ಹೆಚ್ಚು. ಅರಬ್ಬಿ ಸಮುದ್ರ ದಾಟಿ ಏಡನ್, ಬಿಸಿಗಾಳಿಯ ಕೆಂಪು ಸಮುದ್ರ, ಸೂಯೆಜ್ ಕಾಲುವೆ, ಪೋರ್ಟ್ ಸೈದ್, ಮೆಡಿಟರೇನಿಯನ್. ಅವಸರದವರು ಫ್ರಾನ್ಸಿನ ಮಾರ್ಸೇಲಿನಲ್ಲಿ ಇಳಿದು ರೈಲು ಹಿಡಿದು ಕೆಲವು ದಿನ ಉಳಿಸುತ್ತಿದ್ದರು. ಕೊನೆಯವರೆಗೂ ಹಡಗಿನಲ್ಲೇ ಕೂತವರಿಗೆ ಸುಮಾರು ಮೂರು ವಾರ. ಕಡಲಿಲ್ಲದ ಬಯಲುಸೀಮೆಯಲ್ಲಿ ಬೆಳೆದವನಿಗೆ ಅಷ್ಟು ದಿನ ಕಣ್ಣ ತುಂಬ ನೀರೇ ನೀರು ಅಂದರೆ ಏನಾಗಿರಬೇಕು!

ಏನಾಯಿತು ಅನ್ನುವುದಕ್ಕೆ 1940ರಲ್ಲಿ ಬಂದ ಕವನ ಸಂಕಲನ ‘ಸಮುದ್ರ ಗೀತೆಗಳು’ ಸಾಕ್ಷಿ. ‘ಸಮುದ್ರದಾಚೆಯಿಂದ’ ಎಂಬ ಪ್ರವಾಸಕಥನವೂ ಆ ಯಾತ್ರೆಯ ಫಲವೇ. ಅಲೆಯ ಏರಿಳಿತಕ್ಕೆ ಹಳೆಯ ಛಂದಸ್ಸಿನ ಲೆಕ್ಕ ಸಾಲದೆ ಆ ಗೀತೆಗಳ ಸಾಲುಗಳು ಸಡಿಲಗೊಂಡವು, ಉದ್ದವಾದವು. ಕನ್ನಡದ ಮುಕ್ತಛಂದಕ್ಕೆ ದಾರಿ ತೆರೆದ ಸಂಕಲನಗಳಲ್ಲಿ ‘ಸಮುದ್ರ ಗೀತೆಗಳು’ ಕೂಡ ಒಂದು. 1950ರ ‘ನವ್ಯ ಕವಿತೆಗಳು’ ಬಂದದ್ದು ಅದೇ ಹಾದಿಯಲ್ಲಿ. ಆಕ್ಸ್‌ಫರ್ಡಿನ ಗ್ರಂಥಾಲಯದಷ್ಟೇ ಆ ನಿಧಾನದ ಹಡಗೂ ಈ ಕವಿಯನ್ನು ತಿದ್ದಿತೆಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಮುಂದೆ ದಾರಿ ಗಿಡ್ಡವಾಗುತ್ತ ಹೋಯಿತು. 1948ರ ಜೂನ್ 8ರಂದು ಏರ್ ಇಂಡಿಯಾದ ‘ಮಲಬಾರ್ ಪ್ರಿನ್ಸೆಸ್’ ವಿಮಾನ ಮುಂಬಯಿಯಿಂದ ಹೊರಟು ಕೈರೋ, ಜಿನೀವಾ ಮಾರ್ಗವಾಗಿ ಲಂಡನ್ ತಲುಪಿತು. ಸವಣೂರು ಸಂಸ್ಥಾನ ಭಾರತದಲ್ಲಿ ವಿಲೀನವಾದದ್ದೂ ಅದೇ ವರ್ಷ. 1960ರಲ್ಲಿ ಬೋಯಿಂಗ್ 707 ಜೆಟ್ ಬಂತು. 1967ರಿಂದ 1975ರವರೆಗೆ ಸೂಯೆಜ್ ಕಾಲುವೆಯೇ ಮುಚ್ಚಿತ್ತು. ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾಯಿತು. ಮತ್ತೆ ತೆರೆಯುವ ಹೊತ್ತಿಗೆ ವಿದ್ಯಾರ್ಥಿಗಳೆಲ್ಲ ವಿಮಾನ ಹಿಡಿದಾಗಿತ್ತು.

ಮುಂಬಯಿಯಿಂದ ಲಂಡನ್ನಿಗೆ ಆಕಾಶದ ನೇರ ದೂರ ಸುಮಾರು 7,200 ಕಿಲೋಮೀಟರ್. ಒಂಬತ್ತು-ಹತ್ತು ತಾಸಿನ ಹಾರಾಟ. ಲಂಡನ್ನಿನಲ್ಲಿ ನೌಕರಿಯಲ್ಲಿರುವ ನನ್ನ ತಂಗಿಯ ಮಗ ಏಡನ್ ಮೇಲೆ ಹಾರಿದನೋ ಇಲ್ಲವೋ ಅವನಿಗೇ ಗೊತ್ತಿಲ್ಲ. ಕಿಟಕಿ ಮುಚ್ಚಿ ಮಲಗಿದ್ದನಂತೆ. ಹೋದ ಸಲ ಬಂದಾಗ ಗೋಕಾಕರ ಪ್ರವಾಸಕಥನ ಅವನ ಕೈಗಿಟ್ಟೆ. ಯಲವಿಗಿಯಿಂದ ಮುಂಬಯಿಯವರೆಗಿನ ಸ್ಟೇಷನ್ನುಗಳನ್ನೂ ಒಂದು ಹಾಳೆಯಲ್ಲಿ ಬರೆದು ಅದರೊಳಗಿಟ್ಟಿದ್ದೇನೆ.