ಔಷಧಿಗಿಂತ ಮೊದಲು ಕತ್ತರಿ ಇತ್ತು

ಕುರಿಯ ಮೈಯ ಉಣ್ಣಿ ಎಂದರೆ ನಮಗೆಲ್ಲ ಈಗ ಔಷಧಿ ಬಾಟಲಿಯೇ ನೆನಪಾಗುತ್ತದೆ. ಅರಭಾವಿ, ಗೋಕಾಕ, ಹುಕ್ಕೇರಿ ಸೀಮೆಯ ಹಾಲುಮತದವರು ಬಾಟಲಿ ಬರುವ ಮೊದಲೂ ಹಿಂಡು ಕಾಯ್ದಿದ್ದಾರೆ. ದಖನಿ ಕುರಿಯ ತುಪ್ಪಟವನ್ನು ವರ್ಷಕ್ಕೆ ಎರಡು ಸಲ ಕತ್ತರಿಸಿ ಕಂಬಳಿ ನೇಯುತ್ತಿದ್ದರು. ತುಪ್ಪಟದ ಜೊತೆ ಹೇನುಗಳೂ ಹೋಗುತ್ತಿದ್ದವು. ಅಡಗಿದ್ದ ಉಣ್ಣಿ, ಕಜ್ಜಿ ಕಣ್ಣಿಗೆ ಬೀಳುತ್ತಿದ್ದವು.

ಅಲೆದಾಟವೂ ಒಂದು ಮದ್ದಾಗಿತ್ತು. ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ನೆಲಕ್ಕೆ ಬಿದ್ದು ಸಾವಿರಾರು ಮೊಟ್ಟೆ ಇಡುತ್ತದೆ. ಮರಿ ಹೊರಬರಲು ವಾರಗಳೇ ಬೇಕು. ಅಷ್ಟರಲ್ಲಿ ಹಿಂಡು ಬೇರೆ ಊರಿನ ಹೊಲದಲ್ಲಿರುತ್ತಿತ್ತು.

ಇಂಗ್ಲೆಂಡಿನಲ್ಲಿ 1852ರಲ್ಲಿ ಪಶುವೈದ್ಯ ವಿಲಿಯಂ ಕೂಪರ್ ಪಾಷಾಣ, ಗಂಧಕ ಬೆರೆಸಿದ ಪುಡಿ ತಯಾರಿಸಿದ. ಅದರ ನೀರಿನಲ್ಲಿ ಕುರಿ ಅದ್ದುವ ಪದ್ಧತಿ ಹಲವು ದೇಶಗಳಿಗೆ ಹಬ್ಬಿತು. ಆಮೇಲೆ ಬಿಎಚ್‌ಸಿ ಬಂತು. ಭಾರತ ಅದನ್ನು 1997ರಲ್ಲಿ ನಿಷೇಧಿಸಿತು. ಈಗ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಐವರ್‌ಮೆಕ್ಟಿನ್‌ಗಳ ಕಾಲ.

ಇತ್ತ ನಮ್ಮ ಸೀಮೆಯೂ ಬದಲಾಯಿತು. 1897ರ ಧೂಪದಾಳ ಒಡ್ಡು, ನಂತರದ ಹಿಡಕಲ್ ಅಣೆಕಟ್ಟೆ ನೀರು ತಂದವು. ಕಬ್ಬು ಹಬ್ಬಿ ಬೀಳು ನೆಲ ಕಡಿಮೆಯಾಯಿತು. ಕಂಬಳಿಗೆ ಗಿರಾಕಿ ಕಡಿಮೆಯಾಗಿ ತುಪ್ಪಟ ಕತ್ತರಿಸುವುದೇ ಖರ್ಚಿನ ಬಾಬತ್ತಾಯಿತು. ಒಂದೇ ದೊಡ್ಡಿಯಲ್ಲಿ ನಿಂತ ಹಿಂಡಿಗೆ ಉಣ್ಣಿ ಮತ್ತೆ ಹತ್ತುತ್ತದೆ. ಒಂದೇ ಔಷಧಿ ಪದೇ ಪದೇ ಬಳಸಿದರೆ ಬದುಕುಳಿದ ಉಣ್ಣಿಗಳ ಸಂತತಿ ಅದಕ್ಕೆ ಜಗ್ಗುವುದಿಲ್ಲ.

ಔಷಧಿ ಬೇಕು. ಆದರೆ ಮೊದಲು ತುಪ್ಪಟ ಕತ್ತರಿಸಿ, ಗಾಯ ಮಾಯ್ದ ಮೇಲೆ, ಪಶುವೈದ್ಯರು ಹೇಳಿದ ಪ್ರಮಾಣದಲ್ಲಿ ಇಡೀ ಹಿಂಡಿಗೆ ಒಟ್ಟಿಗೇ ಹಾಕಬೇಕು. ದೊಡ್ಡಿಯ ಸಂದುಗೊಂದು, ಹಿಕ್ಕೆಯ ರಾಶಿಯನ್ನೂ ಸ್ವಚ್ಛ ಮಾಡಬೇಕು. ಹಿರಿಯರ ಕತ್ತರಿಯನ್ನು ಬಿಟ್ಟು ಬಾಟಲಿಯೊಂದನ್ನೇ ನಂಬಿದರೆ ದುಡ್ಡೂ ಹೋಗುತ್ತದೆ, ಉಣ್ಣಿಯೂ ಉಳಿಯುತ್ತದೆ.